ಕೈ ಎಲ್ಲಿಟ್ಟುಕೊಳ್ಳಲಿ

ಬಾಸ್ಫರಸ್ ನೀರಿಗೆ ಎರಡು ಮನಸ್ಸು.
ಮೇಲಿನದು ತೆಂಕಣಕ್ಕೆ ಹರಿಯುತ್ತದೆ, ಎಲ್ಲರಿಗೂ ಕಾಣುವ ಹಾಗೆ;
ಅಡಿಯದು ಬಡಗಣಕ್ಕೆ, ಸದ್ದಿಲ್ಲದೆ, ಇನ್ನಷ್ಟು ಉಪ್ಪಾಗಿ.
ಇಪ್ಪತ್ತಾರು ವರ್ಷ ಇದರ ಮೇಲೆ
ದಡದಿಂದ ದಡಕ್ಕೆ ಜನರನ್ನು ದಾಟಿಸಿದ್ದೇನೆ.
ನಾನೂ ಅದೇ ನೀರೆಂದು
ಗೊತ್ತಾದದ್ದು ಇವತ್ತು ಬೆಳಿಗ್ಗೆ.

"ನಿನ್ನದು" ಎಂದೆ ಸೆರ್ಪಿಲ್‌ಗೆ.
ಮಾತು ತೆಂಕಣಕ್ಕೆ ಹೋಯಿತು.
ಕೈ ಮಾತ್ರ ಇನ್ನೂ ಚುಕ್ಕಾಣಿಯ ಹಿತ್ತಾಳೆಯ ಮೇಲೆ,
ನನ್ನ ಹೆಬ್ಬೆರಳೇ ಸವೆಸಿದ ಆ ನುಣುಪು ಜಾಗದಲ್ಲಿ.
ಅವಳು ಕೇಳಲಿಲ್ಲ. ಕಾದಳು, ಅಷ್ಟೆ.
ಇಬ್ಬರು ಹಿಡಿದ ಚುಕ್ಕಾಣಿ ಯಾರ ಮಾತೂ ಕೇಳುವುದಿಲ್ಲ,
ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ
ನಡುನೀರಲ್ಲಿ ಹಡಗು ಬಡವಾಗುತ್ತದೆ.
ತೆಗೆದೆ.
ಒಂದೊಂದೇ ಬೆರಳು.

ಆಮೇಲೆ ಈ ಕೈಗಳನ್ನು ಎಲ್ಲಿಟ್ಟುಕೊಳ್ಳಲಿ?
ಬೆನ್ನ ಹಿಂದೆ ಕಟ್ಟಿದರೆ ತನಿಖೆಗೆ ಬಂದ ಅಧಿಕಾರಿ.
ಎದೆಯ ಮೇಲೆ ಕಟ್ಟಿದರೆ ಮುನಿಸಿಕೊಂಡ ಮಾವ.
ಸಣ್ಣ ಸೊಂಟದ ಚಹಾ ಲೋಟ ಹಿಡಿದೆ,
ಕೆಂಪು ಚಹಾ ಒಳಗೊಳಗೇ ನಡುಗಿ
ನನ್ನ ಗುಟ್ಟು ರಟ್ಟು ಮಾಡತೊಡಗಿತು.
ಕೆಳಗಿಟ್ಟು, ಎರಡನ್ನೂ ಕೋಟಿನ ಜೇಬಿಗೆ ತುರುಕಿದೆ.

ಹಾಯ್ರಿ ಕ್ಯಾಪ್ಟನ್ನರ ಎಡಗಡೆ ಹನ್ನೊಂದು ವರ್ಷ ನಿಂತಿದ್ದೆ.
ಗಂಟೆ ಬಾರಿಸುವುದೂ ಅವರೇ, ಗಾಜು ಒರೆಸುವುದೂ ಅವರೇ.
ಜ್ವರ ಬಂದು ಮಲಗಿದಾಗ ಮೂರು ದಿನ
ಹಡಗು ಕಟ್ಟೆಗೆ ಕಟ್ಟಿದ ಎಮ್ಮೆಯಾಗಿ ನಿಂತಿತ್ತು.
ಅವರಿಲ್ಲದೆ ಏನೂ ನಡೆಯದು ಎಂದರು ಜನ.
ಆ ಮಾತನ್ನು ಅವರು ಕಷಾಯದ ಜೊತೆ ಕುಡಿದು ಎದ್ದು ಬಂದರು.
ನನಗಾಗ ಮೂವತ್ತೆಂಟು,
ಗೊತ್ತಿದ್ದದ್ದು ಹಗ್ಗದ ಗಂಟು.

ಅವರ ನಂತರ ಬಂದವರು ಧಾರಾಳಿ.
"ಎಲ್ಲಾ ನೀನೇ ನೋಡಿಕೋ" ಎಂದು ಕೆಳಗಿಳಿದು
ದಾಳ ಉರುಳಿಸುತ್ತ ಕೂತುಬಿಡುತ್ತಿದ್ದರು.
ಮಂಜಿನಲ್ಲಿ ತೈಲದ ಹಡಗೊಂದು ಕೂಗಿದ ದಿನ
ನಾನು ಮೂರು ಸಲ ಕರೆದೆ.
ಅದನ್ನು ನಂಬಿಕೆ ಅಂದುಕೊಂಡಿದ್ದೆ, ನೋಡಿ.

ಕಾಂಡಿಲ್ಲಿ ಹತ್ತಿರವಾಯಿತು.
ಗಾಳಿ ತೆಂಕಣದ ಲೋದೋಸ್, ತಲೆನೋವಿನ ಗಾಳಿ.
ಗೆರೆಯನ್ನು ಅವಳಿಗೆ ನಿನ್ನೆಯೇ ತೋರಿಸಿದ್ದೆ:
ಹಡಗಿನ ಮೂತಿ ಹಸಿರು ದೀಪದ ಕಂಬ ದಾಟಿದ ಮೇಲೂ
ವೇಗ ಇಳಿಯದಿದ್ದರೆ "ನನ್ನದು" ಎನ್ನುತ್ತೇನೆ.
ಅದಕ್ಕೆ ಮೊದಲು ಕೆಮ್ಮುವುದೂ ಇಲ್ಲ.
(ಹೇಳದೆ ಎಳೆದ ಗೆರೆ ಬೋನು.)

ನಾನಾದರೆ ಇಲ್ಲಿ ಎಂಜಿನ್ನನ್ನು ಗದರಿಸುತ್ತಿದ್ದೆ.
ಅವಳು ಸುಮ್ಮನೆ ದಡದ ಕಡೆಯ ಮರುಸುಳಿಗೆ ಹಡಗನ್ನೊಪ್ಪಿಸಿದಳು,
ನಾನು ಇಷ್ಟು ವರ್ಷ ಗುದ್ದಾಡಿದ ಅದೇ ಸುಳಿಗೆ.
ಕಂಬ ಬಂತು.
ನಾಲಿಗೆಯ ತುದಿಗೆ ಬಂದ ಎರಡಕ್ಷರ
ಹಲ್ಲಿನ ನಡುವೆ ನೊಂದವು.
ವೇಗ ಇಳಿಯಿತು, ಕೂದಲೆಳೆಯಷ್ಟು ತಡವಾಗಿ,
ಕಟ್ಟೆಯ ಟೈರುಗಳಿಗೆ ಧಡ್ ಎಂದು ಹೆಗಲು ಕೊಟ್ಟೆವು.
ಲೋಟ ಉರುಳಿತು. ಯಾರೋ ಬೈದರು. ಮಗುವೊಂದು ನಕ್ಕಿತು.

ಹಗ್ಗದ ದುರ್ಮುಷ್, ಅಭ್ಯಾಸಬಲ,
ಮುಂದೇನೆಂದು ನನ್ನ ಮುಖ ನೋಡಿದ.
ನಾನು ಕಡಲಹಕ್ಕಿಗಳನ್ನು ನೋಡಿದೆ,
ಅವನು ಅವಳ ಕಡೆ ತಿರುಗುವವರೆಗೆ
ಒಂದೊಂದನ್ನೂ ಎಣಿಸಿದೆ.

ಸಂಜೆ ದಿನಚರಿ ಪುಸ್ತಕದ ಮುಂದೆ ಅವಳ ಪೆನ್ನು ತಡವರಿಸಿತು.
"ಬಡಿದದ್ದನ್ನೂ ಬರೆಯಲೇ?"
"ಬರಿ. ಹಡಗು ಕಟ್ಟಿದವಳು ನೀನು.
ಬಡಿದದ್ದರ ಕೆಳಗೆ ಸಹಿ ನನ್ನದು."
ಹಾಗೆಂದು ನಾನೇನೂ ದೊಡ್ಡವನಾಗಲಿಲ್ಲ;
ಟೈರಿನ ಕಪ್ಪು ಗೀರು ನೋಡಲು
ಕತ್ತಲಲ್ಲಿ ಎರಡು ಸಲ ಹೋಗಿ ಬಂದೆ.

ರಾತ್ರಿ ಮನೆಯಲ್ಲಿ ಹೆಂಡತಿ
ಕೋಟಿನ ಜೇಬುಗಳನ್ನು ಮಗುಚಿ ಹಿಡಿದಳು.
ಎರಡರ ತಳವೂ ಹರಿದು, ನಾಲ್ಕು ಎಳ್ಳುಕಾಳು.
"ಏನು ಹೊತ್ತು ತಿರುಗುತ್ತೀರಿ ಇದರಲ್ಲಿ, ಕಲ್ಲೇ?"
ಸೂಜಿಗೆ ದಾರ ಪೋಣಿಸಿ ಕೊಟ್ಟೆ.
"ಗಟ್ಟಿ ದಾರ ಹಾಕು," ಎಂದೆ,
"ನಾಳೆಯೂ ಅವಳದೇ ಪಾಳಿ."